ಮಂಡಿ ನೋವಿಗೆ ಮೊದಲು ಬೇಕಾದದ್ದು ತೊಡೆಯ ಬಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಕಡೆಯ ಹೆಂಗಸರ ಮಂಡಿ ನೋವೂ ಏರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ಕುಳಿತರೆ ಮತ್ತೆ ಏಳುವುದು ಗಂಟೆಗಟ್ಟಲೆ ಕಳೆದ ಮೇಲೆಯೇ. ಏಳುವಾಗ ಒಂದು ಕೈ ನೆಲಕ್ಕೆ, ಇನ್ನೊಂದು ಕೈ ಗೋಡೆಗೆ. ನೋವೆಂದು ಎಲ್ಲಿಗೆ ಹೋದರೂ ಇವರಿಗೆ ಸಿಗುವುದು ನೋವಿನ ಮಾತ್ರೆ, ಕೀಲಿಗೆ ಸೂಜಿ, ಇಲ್ಲವೇ 'ಸವೆದು ಹೋಗಿದೆ, ಆಪರೇಷನ್ ಆಗಬೇಕು' ಎಂಬ ಮಾತು. ಇವೆಲ್ಲಕ್ಕಿಂತ ಮೊದಲು ಸಿಗಬೇಕಾದ ಚಿಕಿತ್ಸೆ ವ್ಯಾಯಾಮ. ಅದನ್ನು ಕ್ರಮವಾಗಿ ಹೇಳಿಕೊಡುವ ಫಿಸಿಯೋಥೆರಪಿ ಮಾತ್ರ ಹಳ್ಳಿಗೆ ಬಂದೇ ಇಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಮಂಡಿ ನೋವು ಹತೋಟಿಗೆ ಬಂದದ್ದು ಫಿಸಿಯೋಥೆರಪಿಯಿಂದಲೇ. ಆದರೆ ಹೇಳಬೇಕಾದದ್ದು ನನ್ನ ವಿಷಯಕ್ಕಿಂತ ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಅಕ್ಕನದು. ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಎಕ್ಸ್‌ರೇ ನೋಡಿ ಪಕ್ಕಕ್ಕಿಟ್ಟು, "ಅಮ್ಮಾ, ನೋವಿನಿಂದ ಯಾವ ಕೆಲಸ ನಿಂತುಹೋಗಿದೆ?" ಎಂದು ಕೇಳಿದರು. "ಬಸ್ಸು ಹತ್ತಲು ಆಗುವುದಿಲ್ಲ ತಾಯಿ" ಎಂದರು ಅಕ್ಕ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಚಿಂತೆಯೆಲ್ಲ ಬಸ್ಸಿನ ಮೊದಲ ಮೆಟ್ಟಿಲಿನದು. ಅಷ್ಟು ಎತ್ತರಕ್ಕೆ ಕಾಲಿಡಲಾಗದೆ ಮಗಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು.

ಆ ಹುಡುಗಿ ಅಕ್ಕನಿಗೆ ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಲು ಹೇಳಿದರು, ಆಗಲಿಲ್ಲ. ಎರಡೂ ತೊಡೆಗಳಿಗೆ ಟೇಪು ಸುತ್ತಿ ಅಳೆದರು. ನೋವಿದ್ದ ಬಲಗಾಲಿನ ತೊಡೆ ಎಡದ್ದಕ್ಕಿಂತ ಸಣ್ಣದಾಗಿತ್ತು. "ನೋಡಿ, ಮಂಡಿಯನ್ನು ಹಿಡಿದು ನಿಲ್ಲಿಸುವ ಸ್ನಾಯುವೇ ಇಳಿದುಹೋಗಿದೆ" ಎಂದು ಅಕ್ಕನ ಕೈಯನ್ನೇ ತೊಡೆಯ ಮೇಲಿಟ್ಟು ತೋರಿಸಿದರು. ನೋಯುತ್ತದೆಂದು ಕಾಲಿಗೆ ಭಾರ ಕೊಡುವುದನ್ನು ಬಿಟ್ಟರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಅದು ಸೊರಗಿದರೆ ಹೆಜ್ಜೆ ಹೆಜ್ಜೆಯ ಪೆಟ್ಟೂ ಕೀಲಿಗೇ ಬೀಳುತ್ತದೆ. ನೋವು ಹೆಚ್ಚುತ್ತದೆ, ಓಡಾಟ ಇನ್ನೂ ಕಡಿಮೆಯಾಗುತ್ತದೆ.

ಗಾಡಿಯ ಬೇರಿಂಗ್ ಸವೆದ ಹಾಗೆ ಮಂಡಿ ಸವೆದಿದೆ, ನಡೆದಷ್ಟೂ ಸವೆಯುತ್ತದೆ ಎಂದು ಹೆದರಿಸುವವರು ಎಲ್ಲ ಊರಲ್ಲೂ ಇದ್ದಾರೆ. ಈ ಮಾತಿನಿಂದ ಆಗಿರುವ ಹಾನಿ ಸಣ್ಣದಲ್ಲ. ಕೀಲು ಕಬ್ಬಿಣವಲ್ಲ, ಜೀವವಿರುವ ಅಂಗ. ಮೂಳೆಗಳ ತುದಿಯನ್ನು ಹೊದ್ದುಕೊಂಡಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಒತ್ತಿ, ಎತ್ತಿದಾಗ ಸಡಿಲಿ, ಆ ಒತ್ತಡದ ಏರಿಳಿತದಲ್ಲೇ ದ್ರವ ಮೃದ್ವಸ್ಥಿಯ ಒಳಗೂ ಹೊರಗೂ ಹರಿಯುತ್ತದೆ. ಕೂತೇ ಇದ್ದರೆ ಆ ಹರಿವೂ ಕಡಿಮೆ. ಎಕ್ಸ್‌ರೇಯಲ್ಲಿ ತುಂಬ ಸವೆದಂತೆ ಕಂಡವರು ಗುಡ್ಡ ಹತ್ತಿ ಸೊಪ್ಪು ತರುವುದುಂಟು, ಎಕ್ಸ್‌ರೇ ಚೆನ್ನಾಗಿರುವವರು ನರಳುವುದೂ ಉಂಟು. ಬ್ರಿಟನ್ನಿನ ಮಾರ್ಗಸೂಚಿ ಸಂಸ್ಥೆ 'ನೈಸ್' 2022ರಲ್ಲಿ ಹೊರಡಿಸಿದ ಸೂಚನೆಯಲ್ಲಿ 45 ದಾಟಿದವರಿಗೆ ಓಡಾಡುವಾಗ ನೋವಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆಯೊಳಗೆ ಬಿಡುವಂತಿದ್ದರೆ, ಎಕ್ಸ್‌ರೇ ಇಲ್ಲದೆಯೇ ಅಸ್ಥಿಸಂಧಿವಾತ (ಆಸ್ಟಿಯೋಆರ್ಥ್ರೈಟಿಸ್ ಎಂಬ ಕೀಲುರೋಗ) ಎಂದು ಗುರುತಿಸಬಹುದು ಎಂದಿದೆ. ಎಲ್ಲ ರೋಗಿಗಳಿಗೂ ಅವರವರಿಗೆ ಹೊಂದುವ ವ್ಯಾಯಾಮ ಕೊಡಬೇಕು ಎಂದೂ ಅದೇ ಹೇಳುತ್ತದೆ.

ಇಲ್ಲಿ ಇನ್ನೊಂದು ವಿಷಯವನ್ನು ಖಾರವಾಗಿಯೇ ಹೇಳಬೇಕಾಗಿದೆ. ನಮ್ಮ ಜನ ಫಿಸಿಯೋಥೆರಪಿಯನ್ನು 'ಕರೆಂಟ್ ಕೊಡಿಸುವುದು' ಎನ್ನುತ್ತಾರೆ. ತಪ್ಪು ಅವರದಲ್ಲ. ಎಷ್ಟೋ ಕಡೆ ಮಂಡಿಗೆ ಪಟ್ಟಿ ಅಂಟಿಸಿ, ಯಂತ್ರ ಹಚ್ಚಿ, ಮಲಗಿಸಿ, ಹಣ ಪಡೆದು ಕಳುಹಿಸುತ್ತಾರೆ. ಅದೇ ನೈಸ್ ಸೂಚನೆ ಇಂಥ ವಿದ್ಯುತ್ ಚಿಕಿತ್ಸೆಗಳನ್ನು ಕೊಡಬೇಡಿ, ಅವುಗಳಿಂದ ಪ್ರಯೋಜನವಿದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎನ್ನುತ್ತದೆ. ಮಂಡಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ನುಂಗುವ ಗ್ಲುಕೋಸಮೈನ್ ಮಾತ್ರೆಯನ್ನೂ ಅದು ಬೇಡವೆನ್ನುತ್ತದೆ. ರೋಗಿ ಮಲಗಿಯೇ ಇದ್ದರೆ ತೊಡೆಗೆ ಬಲ ಎಲ್ಲಿಂದ ಬರಬೇಕು?

ಅಕ್ಕನಿಗೆ ಹೇಳಿಕೊಟ್ಟದ್ದಕ್ಕೆ ಯಂತ್ರವೇ ಬೇಕಿರಲಿಲ್ಲ. ಕಾಲು ಚಾಚಿ ಕುಳಿತು, ಟವೆಲ್ ಸುರುಳಿಯನ್ನು ಮಂಡಿಯ ಕೆಳಗಿಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿಯುವುದು. ಮಲಗಿ, ಮಂಡಿ ಮಡಚದೆ ಕಾಲನ್ನು ಗೇಣೆತ್ತರಕ್ಕೆ ಎತ್ತಿ ನಿಧಾನವಾಗಿ ಇಳಿಸುವುದು. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಭ್ಯಾಸವಾದಂತೆ ತಗ್ಗಿನ ಕುರ್ಚಿಗೆ ಬರುವುದು. ಕೊನೆಯದು ಮೆಟ್ಟಿಲು. ಮೊದಲು ಒಂದು ಇಟ್ಟಿಗೆಯಷ್ಟು ಎತ್ತರ, ಆಮೇಲೆ ಜಗುಲಿಯ ಮೆಟ್ಟಿಲು, ಆಮೇಲೆ ಅದಕ್ಕಿಂತ ಎತ್ತರದ್ದು, ಬಸ್ಸಿನ ಮೆಟ್ಟಿಲಿಗೆ ಸಮನಾಗುವವರೆಗೆ. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ.

ವ್ಯಾಯಾಮ ಮಾಡುವಾಗ ನೋಯುತ್ತದೆ ಎಂಬಲ್ಲಿಗೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಆ ಹುಡುಗಿ ಇದಕ್ಕೊಂದು ಅಳತೆ ಕೊಟ್ಟಿದ್ದರು. ತಡೆಯಲಾಗದ ನೋವಿಗೆ ಹತ್ತು ಅಂಕವಾದರೆ ಐದರೊಳಗಿನ ನೋವಿಗೆ ಹೆದರಬೇಕಿಲ್ಲ, ಆದರೆ ಅದು ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಸಂಖ್ಯೆ ಕಡಿಮೆ ಮಾಡಿ, ನಿಲ್ಲಿಸಬೇಡಿ ಎಂದರು. ಫಲ ವಾರದಲ್ಲಿ ಕಾಣುವುದಿಲ್ಲ, ತಿಂಗಳುಗಳು ಬೇಕು. ಅಕ್ಕ ಈಗ ಬಸ್ಸಿನ ಕಂಬಿ ಹಿಡಿದು ತಾವೇ ಹತ್ತುತ್ತಾರೆ. ಚಳಿಗಾಲದ ಬೆಳಗ್ಗೆ ಮಂಡಿ ಈಗಲೂ ಹಿಡಿಯುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ.

ಇದು ಒಬ್ಬರ ಅನುಭವ ಎಂದು ತಳ್ಳಿಹಾಕುವವರಿಗೆ ಅಮೆರಿಕದ ಒಂದು ಅಧ್ಯಯನವನ್ನು ನೆನಪಿಸುತ್ತೇನೆ. ಮಂಡಿಯ ಅಸ್ಥಿಸಂಧಿವಾತವಿದ್ದ 156 ಜನರಲ್ಲಿ ಅರ್ಧದಷ್ಟು ಜನರಿಗೆ ಕೀಲಿಗೆ ಸ್ಟಿರಾಯ್ಡ್ ಸೂಜಿ, ಉಳಿದವರಿಗೆ ಫಿಸಿಯೋಥೆರಪಿ ಕೊಟ್ಟು ಒಂದು ವರ್ಷ ಗಮನಿಸಿದರು. ವರ್ಷದ ಕೊನೆಗೆ ನೋವು ಕಡಿಮೆಯಿದ್ದು ಓಡಾಟ ಚೆನ್ನಾಗಿದ್ದದ್ದು ಫಿಸಿಯೋಥೆರಪಿ ಪಡೆದವರದು. 2020ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಊರುಗಳಲ್ಲಿ ಸೂಜಿಗೆ ಸಾಲು ನಿಲ್ಲುವವರ ಕಿವಿಗೂ ಬೀಳಬೇಕು. ತೂಕದ ಮಾತೂ ಸೇರಲಿ: ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಶಸ್ತ್ರಚಿಕಿತ್ಸೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿದ್ದೆಗೆಡಿಸುವ ನೋವಿಗೆ ಬೇರಾವುದೂ ನಾಟದಿದ್ದಾಗ ಮಂಡಿ ಬದಲಾವಣೆ ಬದುಕನ್ನೇ ಮರಳಿಸುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ್ದು ಬಡವರಿಗೆ ಉಪಕಾರವೇ. ಆಪರೇಷನ್ ಆದ ಮೇಲೂ ಇದೇ ವ್ಯಾಯಾಮಗಳನ್ನು ಮಾಡಲೇಬೇಕು. ಇನ್ನು ಮಂಡಿ ಕೆಂಪಾಗಿ ಬಿಸಿಯಾಗಿ ಊದಿದ್ದರೆ, ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಕೀಲು ಸಿಕ್ಕಿಕೊಂಡು ಚಾಚಲು ಬಾರದಿದ್ದರೆ ಮೊದಲು ವೈದ್ಯರಲ್ಲಿಗೇ ಓಡಬೇಕು.

ಸರ್ಕಾರದ ವ್ಯವಸ್ಥೆಯಲ್ಲಿ ಕೊರತೆ ಇರುವುದು ಆಪರೇಷನ್ನಿನ ಹಂತಕ್ಕೆ ಮುಂಚೆ. ಆಯುಷ್ಮಾನ್ ಕಾರ್ಡ್ ಇರುವ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆ ಸಿಗುತ್ತದೆ. ಖಾಸಗಿ ಫಿಸಿಯೋಥೆರಪಿಸ್ಟ್ ಬಳಿ ವಾರ ವಾರ ಹೋಗಿ ವ್ಯಾಯಾಮ ಕಲಿಯಲು ಆ ಕಾರ್ಡ್ ನಡೆಯುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು, ಪೇಟೆಗೆ ಹೋಗಿ, ಶುಲ್ಕ ಕೊಟ್ಟು ಬಾ ಎಂದರೆ ಅಡಿಕೆ ಸುಲಿಯುವವರು ಎಲ್ಲಿಂದ ತರಬೇಕು? 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ಕ್ಲಿನಿಕ್, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಪುನಶ್ಚೇತನ ಸೇವೆ ಇರಬೇಕೆಂದಿದೆ. ಕಾಗದದಲ್ಲಿರುವ ಇದನ್ನು ಹಳ್ಳಿಗೆ ತನ್ನಿ ಎಂಬುದಷ್ಟೇ ನನ್ನ ಒತ್ತಾಯ. ಡೆನ್ಮಾರ್ಕ್‌ನಲ್ಲಿ 2013ರಿಂದ ಮಂಡಿ ನೋವಿನವರನ್ನು ಗುಂಪಾಗಿ ಸೇರಿಸಿ, ಮೊದಲು ತಿಳಿವಳಿಕೆ ಕೊಟ್ಟು, ವಾರಕ್ಕೆರಡರಂತೆ ಹನ್ನೆರಡು ವ್ಯಾಯಾಮದ ತರಗತಿ ನಡೆಸುತ್ತಿದ್ದಾರೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಬೇಕಾದದ್ದು ಹತ್ತು ಕುರ್ಚಿ, ಒಂದು ಮೆಟ್ಟಿಲು, ಕಲಿಸಲು ಬಲ್ಲ ಒಬ್ಬ ಫಿಸಿಯೋಥೆರಪಿಸ್ಟ್.

ಅಡಿಕೆ ಬೆಳೆಗಾರರಲ್ಲೂ ಒಂದು ಮಾತು. ನಮ್ಮ ಮನೆಯಲ್ಲಿ ಮೆಟ್ಟುಗತ್ತಿಯನ್ನು ಬಡಗಿಯಿಂದ ಬೆಂಚಿಗೆ ಬಿಗಿಸಿ, ಕುರ್ಚಿಯಲ್ಲಿ ಕುಳಿತು ಸುಲಿಯುವಂತೆ ಮಾಡಿದ್ದೇವೆ. ಮೊದಮೊದಲು ಕೈ ಓಡುವುದಿಲ್ಲ ಎಂದು ಗೊಣಗಿದವರು ಈಗ ನೆಲಕ್ಕೆ ಇಳಿಯಲು ಒಪ್ಪುವುದಿಲ್ಲ. ಖರ್ಚು ದೊಡ್ಡದಲ್ಲ, ಬೇರೆ ಮನೆಗಳವರೂ ಮಾಡಿಸಲಿ.

ಜಿಲ್ಲಾ ಆರೋಗ್ಯ ಇಲಾಖೆಯವರು ಈ ಕೊಯ್ಲಿಗೆ ಮುಂಚೆ ಒಂದೆರಡು ಕೇಂದ್ರಗಳಲ್ಲಾದರೂ ವಾರದ ತರಗತಿ ಶುರುಮಾಡಲಿ. ನಮ್ಮ ಊರಿನ ಸ್ತ್ರೀಶಕ್ತಿ ಸಂಘದವರು ಹೆಸರು ಬರೆಸಲು ಸಿದ್ಧರಿದ್ದಾರೆ. ಕುರ್ಚಿ ಹೊಂದಿಸಿ ಕೊಡುವ ಹೊಣೆ ನನ್ನದು.

ನಿವೃತ್ತ ವಿಜ್ಞಾನ ಶಿಕ್ಷಕಿ,
ಶಿವಮೊಗ್ಗ ಜಿಲ್ಲೆ