ಇದು ಹೀಗೇ ಉಳಿದುಬಿಟ್ಟರೆ ಅಂತ ಕೇಳಿದ್ದೀಯಲ್ಲ

ಪುಟ್ಟೀ,

ನಿನ್ನ ಪತ್ರ ಬಂತು. ಮದುವೆ, ಪರದೇಶಕ್ಕೆ ಹೋದದ್ದು, ಹೊಸ ಕೆಲಸ, ಮನೆ ಹುಡುಕಿದ್ದು, ಇವೆಲ್ಲ ನಿಮ್ಮಮ್ಮನ ಬಾಯಲ್ಲಿ ಆಗಲೇ ಕೇಳಿಯಾಗಿದೆ. ಅದನ್ನು ಮತ್ತೆ ಎತ್ತುವುದಿಲ್ಲ. ಕೊನೆಯ ಪುಟದಲ್ಲಿ ಬೇರೇನೋ ಹೇಳುತ್ತಾ ಒಂದು ಸಾಲು ನುಸುಳಿಸಿದ್ದೀಯ: ‘ತಲೆ ಮೊದಲಿನ ಹಾಗಿಲ್ಲ ದೊಡ್ಡಮ್ಮ, ಎಲ್ಲಾ ಮರೆತುಹೋಗ್ತಿದೆ, ಇದು ಹೀಗೇ ಉಳಿದುಬಿಟ್ಟರೆ?’ ಅದನ್ನು ಓದಿದ ಮೇಲೆ ಉಳಿದದ್ದು ಯಾವುದೂ ನನ್ನ ತಲೆಗೆ ಹತ್ತಲಿಲ್ಲ.

ಆ ಸಾಲಿನ ಹಿಂದೆ ಅಜ್ಜಿ ಇದ್ದಾರೆ ಅಂತ ಗೊತ್ತು. ಅವರ ಕಡೆಯ ವರ್ಷಗಳನ್ನು ನೀನೂ ಕಣ್ಣಾರೆ ಕಂಡವಳು. ಅದಕ್ಕೇ ಇದನ್ನು ಮೊದಲು ಹೇಳಿಬಿಡುತ್ತೇನೆ. ಅವರಿಗಿದ್ದಂಥ ಮರೆವಿನ ಕಾಯಿಲೆ ಸಾಮಾನ್ಯವಾಗಿ 65 ದಾಟಿದ ಮೇಲೆ ಶುರುವಾಗುವುದು. ಅಜ್ಜಿಗೆ ಬಂದಿತ್ತು ಅಂದರೆ ನಿನ್ನ ಇಳಿವಯಸ್ಸಿನಲ್ಲಿ ಅಪಾಯ ತುಸು ಹೆಚ್ಚಿರಬಹುದು, ಆದರೆ ಮೂವತ್ತರ ಮರೆವಿಗೂ ಅದಕ್ಕೂ ಸಂಬಂಧವಿಲ್ಲ. ಚಿಕ್ಕ ವಯಸ್ಸಿಗೇ ಬರುವ ವಂಶಪಾರಂಪರ್ಯದ ಬಗೆಯೊಂದು ಇದೆ, ನಿಜ. ಅದಿದ್ದ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಕಾಣಿಸುತ್ತಾ ಬರುತ್ತದೆ. ನಮ್ಮಲ್ಲಿ ಹಾಗೆ ಆದವರು ಯಾರೂ ಇಲ್ಲ.

ಈಗ ನೀನು ಬರೆದ ಉದಾಹರಣೆಗಳನ್ನೇ ನೋಡು. ಬೀಗ ಹಾಕಿದೆನೋ ಇಲ್ಲವೋ ಅಂತ ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದದ್ದು. ಮೀಟಿಂಗಿನಲ್ಲಿ ಪರಿಚಯವಾದವರ ಹೆಸರು ಅರ್ಧ ಗಂಟೆಯಲ್ಲಿ ಹಾರಿಹೋದದ್ದು. ಫೋನಿನಲ್ಲಿ ಹೇಳಿದ ವಿಳಾಸ ಪೆನ್ನು ಹುಡುಕುವಷ್ಟರಲ್ಲಿ ಮಾಯವಾದದ್ದು. ಇವು ಮೂರೂ ಮರೆತದ್ದಲ್ಲ, ಒಳಗೆ ಹೋಗಿಯೇ ಇರಲಿಲ್ಲ. ಗಮನ ಬೇರೆಲ್ಲೋ ಇದ್ದಾಗ ಕಿವಿಗೆ ಬಿದ್ದದ್ದು ನೆನಪಿನವರೆಗೆ ಮುಟ್ಟುವುದಿಲ್ಲ. ಇನ್ನು ಕೆಲವು ನಿಜವಾಗಿ ಮರೆತವು ಅನ್ನಿಸಿದರೆ, ಯಾರಾದರೂ ಸುಳಿವು ಕೊಟ್ಟಾಗ ‘ಓ ಹೌದಲ್ಲ’ ಅನ್ನಿಸುತ್ತದೆಯೇ ನೋಡು. ಅನ್ನಿಸಿದರೆ ಇಟ್ಟದ್ದು ಇಟ್ಟಲ್ಲೇ ಇದೆ, ಸಿಗುವುದು ತಡವಾಗುತ್ತಿದೆ ಅಷ್ಟೇ. ಇನ್ನೂ ಒಂದು ಮಾತು: ಮಿದುಳಿನ ಕಾಯಿಲೆಯ ಮರೆವಿನಲ್ಲಿ ದೂರು ಹೇಳುವವರು ಹೆಚ್ಚಾಗಿ ಮನೆಯವರು, ಮರೆಯುವವರಿಗೆ ಅದರ ಅರಿವೇ ಕಡಿಮೆ. ಯಾವತ್ತು, ಎಲ್ಲಿ, ಏನು ಮರೆತೆ ಅಂತ ಒಂದೂವರೆ ಪುಟ ಬರೆದವಳ ವಿಷಯದಲ್ಲಿ ನನಗೆ ಆ ಹೆದರಿಕೆ ಇಲ್ಲ.

ಹಾಗಾದರೆ ಗಮನ ಎಲ್ಲಿ ಹೋಯಿತು? ಮನಸ್ಸು ಒಂದು ಗಳಿಗೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಸುಮಾರು ನಾಲ್ಕು ಸಂಗತಿಗಳನ್ನು. ಹುಟ್ಟಿ ಬೆಳೆದ ಕಡೆ ಕೀಲಿ ಯಾವ ಕಡೆ ತಿರುಗಬೇಕು, ರಸ್ತೆ ದಾಟುವಾಗ ಮೊದಲು ಯಾವ ಕಡೆ ನೋಡಬೇಕು, ಕಸ ಯಾವ ಡಬ್ಬಿಗೆ, ಇವಕ್ಕೆ ಆ ನಾಲ್ಕರಲ್ಲಿ ಜಾಗವೇ ಬೇಕಿರಲಿಲ್ಲ, ಕೈಕಾಲು ತಾವೇ ಮಾಡುತ್ತಿದ್ದವು. ಈಗ ಪ್ರತಿಯೊಂದೂ ಜಾಗ ಕೇಳುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಎಷ್ಟು ಕಾಲ ಬೇಕು ಅಂತ ನೋಡಿದ್ದರು. ಮಧ್ಯದ ಲೆಕ್ಕ 66 ದಿನ, ಆದರೆ 18ರಿಂದ 254 ದಿನದವರೆಗೂ ವ್ಯತ್ಯಾಸವಿತ್ತು. ಅದು ಒಂದೇ ಒಂದು ಅಭ್ಯಾಸಕ್ಕೆ. ನೀನು ಒಟ್ಟಿಗೆ ಎಷ್ಟು ಹೊತ್ತುಕೊಂಡಿದ್ದೀಯ ಅಂತ ಎಣಿಸಿ ನೋಡು.

ಇದರ ಮೇಲೆ ದಿನವಿಡೀ ಪರಭಾಷೆ. ಓದುವಾಗ ಅಷ್ಟು ಗೊತ್ತಾಗುವುದಿಲ್ಲ, ಕೇಳುವಾಗ ಸುಸ್ತು. ಹಿನ್ನೆಲೆಯಲ್ಲಿ ಗದ್ದಲವಿದ್ದರೆ ಆ ಭಾಷೆಯಲ್ಲೇ ಹುಟ್ಟಿದವರಿಗಿಂತ ನಮಗೆ ಬಹಳ ಬೇಗ ಮಾತು ಕೈತಪ್ಪುತ್ತದೆ. ಫೋನಿನಲ್ಲಿ ತುಟಿಯೂ ಕಾಣದು, ಇನ್ನೂ ಕಷ್ಟ. ಮಧ್ಯಾಹ್ನ ಮೂರರ ಮೇಲೆ ತಲೆಗೆ ಏನೂ ಹೋಗುವುದಿಲ್ಲ ಅಂದಿದ್ದೀಯಲ್ಲ, ಅದು ಬುದ್ಧಿ ಕುಂದಿದ್ದಲ್ಲ. ಮುಖ್ಯವಾದ ಮಾತುಕತೆಯನ್ನು ಬೆಳಿಗ್ಗೆಗೆ ಇಟ್ಟುಕೊ. ಫೋನಿನಲ್ಲಿ ಮುಗಿಸುವವರಿಗೆ ‘ಇದನ್ನೇ ಎರಡು ಸಾಲು ಮೇಲ್ ಮಾಡ್ತೀರಾ’ ಅನ್ನು. ನಾಚಿಕೆಯಾಗಬಹುದು, ಆದರೂ ಕೇಳು.

1967ರಲ್ಲಿ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಅನ್ನುವ ಇಬ್ಬರು ಮನೋವೈದ್ಯರು ಬದುಕನ್ನು ಅಲುಗಿಸುವ 43 ಸಂಗತಿಗಳ ಒಂದು ಪಟ್ಟಿ ಮಾಡಿದರು. ಕಳೆದ ವರ್ಷ ಇವುಗಳಲ್ಲಿ ಏನೇನು ಆಯಿತು, ಕೂಡಿಸು ಅಂತ. ಮದುವೆಗೆ 50 ಅಂತ ಮೊದಲೇ ನಿಗದಿ ಮಾಡಿ, ಉಳಿದವನ್ನು ಅದಕ್ಕೆ ಹೋಲಿಸಿ ಅಂಕ ಕೊಡಿಸಿದ್ದು. ನಿನ್ನ ಪತ್ರ ಪಕ್ಕದಲ್ಲಿಟ್ಟುಕೊಂಡು ನಾನೂ ಕೂಡಿಸಿದೆ. ಮದುವೆ 50, ಹಣಕಾಸಿನ ಸ್ಥಿತಿ ಬದಲಾದದ್ದು 38, ಬೇರೆ ಬಗೆಯ ಕೆಲಸ 36, ಜೀವನದ ಪರಿಸ್ಥಿತಿ 25, ವೈಯಕ್ತಿಕ ರೂಢಿಗಳು 24, ಕೆಲಸದ ವೇಳೆ 20, ಮನೆ ಬದಲು 20, ಮನರಂಜನೆ 19, ಜನರೊಡನೆ ಒಡನಾಟ 18, ನಿದ್ದೆ 16, ಊಟ 15, ಮನೆಮಂದಿ ಸೇರುವುದು ಕಡಿಮೆಯಾದದ್ದು 15. ಒಟ್ಟು 296. ರೈಲಿನಲ್ಲಿ ಟಿಕೆಟ್ಟಿಗೆ ಮುದ್ರೆ ಒತ್ತಿಸಲು ಮರೆತು ದಂಡ ಕಟ್ಟಿದೆಯಲ್ಲ, ಸಣ್ಣಪುಟ್ಟ ಕಾನೂನು ತಪ್ಪಿಗೆ ಇನ್ನೊಂದು 11. 307! 300 ದಾಟಿದರೆ ಆರೋಗ್ಯ ಕೆಡುವ ಸಾಧ್ಯತೆ ಹೆಚ್ಚು ಅನ್ನುತ್ತಾರೆ. ನಗು ಬಂದರೆ ನಗು. ಈ ಲೆಕ್ಕ ಒರಟು, ಯಾರು ಹೇಗೆ ತಾಳಿಕೊಳ್ಳುತ್ತಾರೆ ಅನ್ನುವುದು ಇದರಲ್ಲಿ ಬರುವುದಿಲ್ಲ. ನಾನು ಇದನ್ನು ಎತ್ತಿದ್ದು ಬೇರೆ ಕಾರಣಕ್ಕೆ. ಅದರಲ್ಲಿ ಅರ್ಧಕ್ಕರ್ಧ ಒಳ್ಳೆಯ ಸಂಗತಿಗಳೇ. ‘ಎಲ್ಲಾ ನಾನೇ ಬಯಸಿ ಮಾಡಿಕೊಂಡದ್ದು, ಹಾಗಿದ್ದೂ ಯಾಕೆ ಹೀಗೆ’ ಅಂತ ಕೇಳಿದ್ದೀಯಲ್ಲ, ಬಯಸಿದ್ದಕ್ಕೂ ಮೈ ಬೆಲೆ ತೆರುತ್ತದೆ.

ವರ್ಷ ತುಂಬಿದರೂ ಸರಿಹೋಗಿಲ್ಲವಲ್ಲ ಅನ್ನುವ ಮಾತಿಗೂ ಉತ್ತರವಿದೆ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್, ಅಮೆರಿಕದಲ್ಲಿ ಇದ್ದು ಬಂದ ತನ್ನ ದೇಶದ 200 ಜನರನ್ನು ವಿಚಾರಿಸಿ 1955ರಲ್ಲಿ ಪ್ರಕಟಿಸಿದ್ದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು, ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರಿಗೇ ಹೆಚ್ಚು ತೊಡಕು. ಎಲ್ಲರಿಗೂ ಹೀಗೇ ಅಂತ ಅಲ್ಲ, ಬಂದಿಳಿದ ದಿನದಿಂದಲೇ ಕುಸಿದವರನ್ನೂ ಆಮೇಲಿನ ಸಂಶೋಧನೆಗಳು ತೋರಿಸಿವೆ. ಆದರೆ 12ನೇ ತಿಂಗಳಲ್ಲಿ ಮಂಕಾಗಿರುವುದು ವಿಚಿತ್ರವೇನಲ್ಲ.

ನಮ್ಮ ಕಾಲದಲ್ಲಿ ಹೊಸ ಕಡೆ ಹೋದ ಹೆಣ್ಣುಮಗಳು ಮೊದಲ ವರ್ಷ ಪೆಚ್ಚಾಗಿದ್ದರೆ ‘ಹೊಂದಿಕೊಳ್ತಾಳೆ ಬಿಡಿ’ ಅಂದು ಮುಗಿಸುತ್ತಿದ್ದರು. ನನ್ನನ್ನೂ ಹಾಗೇ ಮುಗಿಸಿದರು. ಎಷ್ಟೋ ಜನರದ್ದು ಬರೀ ರಕ್ತ ಕಡಿಮೆ, ಬರೀ ಥೈರಾಯ್ಡ್. ಒಂದು ಸೀಸೆ ರಕ್ತ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಆ ವರ್ಷಗಳನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದು ಹಾಗಿರಲಿ.

ಹೀಗಾಗಿ, ಬೇಸರಪಟ್ಟುಕೊಳ್ಳದೆ ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಟಿಎಸ್‌ಎಚ್ (ಥೈರಾಯ್ಡಿಗೆ), ಬಿ12, ವಿಟಮಿನ್ ಡಿ, ಸಕ್ಕರೆ. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣ ಖಾಲಿಯಾಗುತ್ತಿದೆ ಅಂತಲೇ ಅರ್ಥ. ಬಿ12 ಸಸ್ಯಾಹಾರಿಗಳಿಗೆ ಎಷ್ಟೋ ಸಲ ಸಾಲದು, ಆಸಿಡಿಟಿಗೆ ದಿನಾ ಒಮೆಪ್ರಜೋಲ್ ತೆಗೆದುಕೊಂಡರೆ ಇನ್ನೂ ಇಳಿಯಬಹುದು. ಕಾಲು ಜುಮುಗುಟ್ಟುತ್ತದೆಯೇ ಅಂತಲೂ ಗಮನಿಸು. ಬಿ12 ನೋಡಿಸದೆ ಫೋಲಿಕ್ ಆಸಿಡ್ ಮಾತ್ರ ನುಂಗಬೇಡ, ರಕ್ತಹೀನತೆ ಸರಿಹೋದಂತೆ ಕಂಡು ನರಗಳ ತೊಂದರೆ ಒಳಗೇ ಮುಂದುವರಿಯುತ್ತದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮುಂಚೆ ನಿಲ್ಲಿಸು. ಇಲ್ಲದಿದ್ದರೆ ಥೈರಾಯ್ಡ್ ವರದಿಯೇ ತಪ್ಪು ತೋರಿಸಬಹುದು.

ವರದಿ ಬಂದಾಗ ಹಳೆಯದರ ಜೊತೆ ಹೋಲಿಸಿ ಗಾಬರಿಯಾಗುವ ಮೊದಲು ಯೂನಿಟ್ ನೋಡು. ದೇಶ ಬದಲಾದರೆ ಅಳತೆಯೂ ಬದಲಾಗಬಹುದು. ವಿಟಮಿನ್ ಡಿ ಒಂದು ಕಡೆ 20 ಅಂತ ಬಂದದ್ದು ಇನ್ನೊಂದು ಕಡೆ 50 ಆಗಿರುತ್ತದೆ, ಎರಡೂ ಒಂದೇ. ನ್ಯಾನೊಗ್ರಾಮನ್ನು 2.5ರಿಂದ ಗುಣಿಸಿದರೆ ನ್ಯಾನೊಮೋಲ್. ಬಿ12 ತಿರುವುಮುರುವು: ಪಿಕೊಗ್ರಾಮಿನ 200, ಪಿಕೊಮೋಲಿನಲ್ಲಿ ಸುಮಾರು 148. ಇಳಿದುಹೋಯಿತು ಅಂತ ಅಳುತ್ತಾ ಕೂತವರಿದ್ದಾರೆ. ಸಕ್ಕರೆಯಲ್ಲಿ ಮಿಲಿಗ್ರಾಮನ್ನು 18ರಿಂದ ಭಾಗಿಸಿದರೆ ಮಿಲಿಮೋಲ್.

ನಿದ್ದೆಯ ವಿಷಯ. ಅಲ್ಲಿ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಕ್ಕಿದ ನಿದ್ದೆ ಮಾತ್ರೆ ಅಂದಿದ್ದೀಯ. ಡಬ್ಬಿ ತಿರುಗಿಸಿ ನೋಡು. ಡೈಫೆನ್‌ಹೈಡ್ರಮೈನ್ ಅಥವಾ ಡಾಕ್ಸಿಲಮೈನ್ ಅಂತಿದ್ದರೆ, ಮರುದಿನ ಬೆಳಿಗ್ಗೆಯ ಮಂಕಿಗೆ, ಮರೆವಿಗೆ ಅದೂ ಒಂದು ಕಾರಣ. ಅದನ್ನು ಬಿಡು. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ, ಎದ್ದ ಒಂದು ಗಂಟೆಯೊಳಗೆ ಅರ್ಧ ಗಂಟೆ ಹೊರಗೆ ನಡೆ. ಮೋಡ ಮುಸುಕಿದ್ದರೂ ಹೊರಗಿನ ಬೆಳಕು ಸಾವಿರಾರು ಲಕ್ಸ್ (ಬೆಳಕಿನ ಅಳತೆ), ಮನೆಯೊಳಗಿನ ದೀಪ ನೂರಿನ್ನೂರು ಅಷ್ಟೇ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಅದರ ಅರ್ಧ ಪಾಲು ಇಳಿಯಲು ಸುಮಾರು ಐದು ಗಂಟೆ ಬೇಕು.

ಇನ್ನೊಂದು ಹೇಳಲೋ ಬೇಡವೋ ಅಂತ ಯೋಚಿಸಿದೆ, ಭಯ ಹುಟ್ಟಿಸಿದ ಹಾಗಾಗುತ್ತದೆ. ಕಿಟಕಿ ಮುಚ್ಚಿದ ಮನೆ, ಗ್ಯಾಸಿನ ಹೀಟರ್, ಮನೆಯಲ್ಲಿದ್ದಾಗ ಇಬ್ಬರಿಗೂ ತಲೆನೋವು ಅಂತ ಬರೆದಿದ್ದೀಯ. ಹೊರಗೆ ಹೋದರೆ ತಲೆನೋವು, ಮಂಕು ಎರಡೂ ಇಳಿಯುತ್ತವೆಯೇ? ಇಳಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಿದ್ದರೆ ಹೀಟರ್ ಆರಿಸಿ, ಅದನ್ನು ಬಲ್ಲವರು ಬಂದು ನೋಡುವ ತನಕ ಹಚ್ಚಬೇಡಿ. ಏನೇ ಇದ್ದರೂ ಮನೆ ಮಾಲೀಕರಿಗೆ ಹೇಳಿ ಹೀಟರ್ ಪರೀಕ್ಷೆ ಮಾಡಿಸು, ಈ ಅನಿಲ ಪತ್ತೆಹಚ್ಚುವ ಒಂದು ಅಲಾರಂ ತಂದು ಹಾಕು. ಅದು ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲದೆ ಇಬ್ಬರೂ ಹೊರಗೆ ಬನ್ನಿ.

ಮತ್ತೆ ಆ ಸಾಲಿಗೇ ಬರುತ್ತೇನೆ, ‘ಹೀಗೇ ಉಳಿದುಬಿಟ್ಟರೆ?’ ಕಾರಣ ಸರಿಹೋದರೆ ಇಂಥ ಮರೆವು ಉಳಿಯುವುದಿಲ್ಲ, ಆದರೆ ಇಳಿಯುವುದು ನಿಧಾನ. ಥೈರಾಯ್ಡಿಗೆ ಮಾತ್ರೆ ಶುರು ಮಾಡಿದರೂ ಆರೆಂಟು ವಾರ ಬಿಟ್ಟೇ ಮತ್ತೆ ರಕ್ತ ನೋಡುವುದು. ನಡುವೆ ದಿನಾ ನಿನ್ನನ್ನು ನೀನೇ ಪರೀಕ್ಷೆ ಮಾಡಿಕೊಳ್ಳುತ್ತಾ ಕೂರಬೇಡ, ಹಾಗೆ ಕಾವಲು ಕಾಯುವುದಕ್ಕೂ ಅದೇ ಗಮನ ಬೇಕು. ದಿನಾ ಓಡಾಡುವ ದಾರಿಯೇ ತಪ್ಪಿದರೆ, ಮಾತು ತೊದಲಿದರೆ, ಮುಖವೋ ಕೈಯೋ ಒಂದು ಪಕ್ಕ ಸೋತರೆ ಪತ್ರ ಬರೆಯಬೇಡ, ತಕ್ಷಣ ಆಸ್ಪತ್ರೆಗೆ ಹೋಗು. ಎರಡು ವಾರ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳು, ಬರೀ ಮರೆವು ಅಂತ ಹೇಳಿ ಬರಬೇಡ.

ಇಷ್ಟೆಲ್ಲ ಬರೆದು ನಿನ್ನ ತಲೆ ಇನ್ನಷ್ಟು ತುಂಬಿಸಿದೆನೇನೋ. ಎಲ್ಲ ಒಟ್ಟಿಗೆ ಬೇಡ. ಅಲಾರಂ ಈ ವಾರ, ರಕ್ತ ಮುಂದಿನ ವಾರ. ವರದಿಯ ಪೂರ್ತಿ ಹಾಳೆಯ ಫೋಟೋ ಕಳಿಸು, ಯೂನಿಟ್ ಇರುವ ಕಾಲಮ್ಮು ಕತ್ತರಿಸಬೇಡ.

ನಿನ್ನ
ದೊಡ್ಡಮ್ಮ