ಬ್ರ್ಯಾಂಡ್ ಮಾರಿದ ಮೇಲೆ ಅಂಗಡಿಯಲ್ಲಿ ಉಳಿದ ಮಾಲು ಯಾರದು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಣಿಜ್ಯ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಇಂಥ ಕಂಪನಿ ಅಂಥ ಕಂಪನಿಯನ್ನು ಇಷ್ಟು ಸಾವಿರ ಕೋಟಿಗೆ ಕೊಂಡಿತು ಎಂದು ಬರುತ್ತದೆ. ಶೇರು ಎಷ್ಟು ಏರಿತು ಎಂದೂ ಬರುತ್ತದೆ. ಆ ಕಂಪನಿಯ ಮಾಲು ಇಟ್ಟುಕೊಂಡು ಕೂತ ಅಂಗಡಿಯವರ ಗತಿ ಏನು ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಅದನ್ನು ಹೇಳಲಿಕ್ಕೆ ಈ ಪತ್ರ.

ಬೈಲಹೊಂಗಲದ ಬಜಾರದಲ್ಲಿ ನಮ್ಮದು ಕಿರಾಣಿ ಅಂಗಡಿ. ತಂದೆಯವರು ಹಾಕಿದ್ದು. ಬೇಳೆ, ಸಕ್ಕರೆ ಬೆಳಗಾವಿಯ ರವಿವಾರ ಪೇಟೆಯಿಂದ ಬರುತ್ತವೆ. ಸೋಪು, ಪೌಡರು, ಬಿಸ್ಕತ್ತು, ಹಾರ್ಲಿಕ್ಸ್ ಇಂಥವನ್ನು ಏಜೆನ್ಸಿಯವರ ಗಾಡಿ ತಂದು ಇಳಿಸುತ್ತದೆ. ವಾರಕ್ಕೊಮ್ಮೆ ಸೇಲ್ಸ್‌ಮನ್ ಬಂದು ಆರ್ಡರ್ ಬರೆದುಕೊಳ್ಳುತ್ತಾನೆ. ಒಡೆದದ್ದು, ಸೋರಿದ್ದು, ತಾರೀಕು ಮುಗಿದದ್ದು ಇದ್ದರೆ ಅವನಿಗೇ ತೋರಿಸಬೇಕು. ಏಜೆನ್ಸಿಯವರು ಕಂಪನಿಗೆ ಕ್ಲೇಮ್ ಹಾಕುತ್ತಾರೆ. ಮುಂದಿನ ಬಿಲ್ಲಿನಲ್ಲಿ ನಮಗೆ ಅಷ್ಟು ರೊಕ್ಕ ಕಡಿಮೆ ಮಾಡುತ್ತಾರೆ. ಹೆಚ್ಚಿನದೆಲ್ಲ ಬಾಯಿಮಾತಿನ ಮೇಲೆ, ನಂಬಿಕೆಯ ಮೇಲೆ ನಡೆಯುವ ವ್ಯವಹಾರ. ಒಬ್ಬರೇ ಮಾಲೀಕರು ಇರುವ ತನಕ ಅದು ಚೆನ್ನಾಗಿಯೇ ನಡೆಯುತ್ತದೆ. ಕಂಪನಿ ಕೈ ಬದಲಾದಾಗ ಇದೆಲ್ಲ ನಿಂತು ಹೋಗುತ್ತದೆ.

ಕೈ ಬದಲಾಗುವುದು ಹೊಸದೇನಲ್ಲ. ನಮ್ಮ ಬೆಳಗಾವಿ ಜಿಲ್ಲೆಯನ್ನೇ ನೋಡಿ. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯನ್ನು ಜನ ಇಂಡಾಲ್ ಎಂದೇ ಕರೆಯುತ್ತಿದ್ದರು. 2000ದಲ್ಲಿ ಕೆನಡಾದ ಆಲ್ಕಾನ್ ತನ್ನ ಪಾಲು ಮಾರಿತು, ಇಂಡಾಲ್ ಹಿಂಡಾಲ್ಕೋದವರ ಕೈಗೆ ಹೋಯಿತು. ಗೋಕಾಕ ಫಾಲ್ಸಿನ ಮಿಲ್ಲು ಫೋರ್ಬ್ಸ್ ಜೊತೆ ಸೇರಿ, ಟಾಟಾದವರಿಂದ ಶಾಪೂರ್ಜಿ ಪಲ್ಲೋಂಜಿಯವರಿಗೆ ದಾಟಿತು. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಶುರುವಾದ ರೇಣುಕಾ ಶುಗರ್ಸ್ 2018ರಲ್ಲಿ ಸಿಂಗಾಪುರದ ವಿಲ್ಮಾರ್ ಕಂಪನಿಯ ಹಿಡಿತಕ್ಕೆ ಬಂತು. ಇಲ್ಲೆಲ್ಲ ಮಾರಾಟವಾದದ್ದು ಶೇರು, ಮಾರಾಟದ ಹೊತ್ತಿಗೆ ಕಂಪನಿ ಅದೇ ಇತ್ತು. ಕಬ್ಬಿನ ಬಾಕಿ ಇದ್ದ ರೈತ ನಿನ್ನೆ ಯಾವ ಕಂಪನಿಯನ್ನು ಕೇಳುತ್ತಿದ್ದನೋ ಇವತ್ತೂ ಅದೇ ಕಂಪನಿಯನ್ನು ಕೇಳಬಹುದು. ಅಷ್ಟು ಆಧಾರವಾದರೂ ಇದೆ.

ಅಂಗಡಿ ಮಾಲಿನ ವಿಷಯ ಹಾಗಲ್ಲ. ಡರ್ಮಿಕೂಲ್ ಬೆವರುಸಾಲೆ ಪೌಡರನ್ನೇ ತಗೊಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ ಅದು ಹೋಗದ ಅಂಗಡಿ ಇಲ್ಲ. ಮೊದಲು ಅದು ಪಾರಸ್ ಕಂಪನಿಯದು. ಮೂವ್, ಇಚ್‌ಗಾರ್ಡ್, ಡಿ'ಕೋಲ್ಡ್, ಸೆಟ್‌ವೆಟ್ ಕೂಡ ಅವರವೇ. 2010ರ ಕೊನೆಗೆ ರೆಕಿಟ್ ಕಂಪನಿ ಇಡೀ ಪಾರಸ್ ಅನ್ನು 3,260 ಕೋಟಿಗೆ ಕೊಳ್ಳುವುದಾಗಿ ಹೇಳಿತು. 2012ರಲ್ಲಿ ಸೆಟ್‌ವೆಟ್, ಲಿವಾನ್ ಮಾರಿಕೋ ಪಾಲಾದವು. 2022ರಲ್ಲಿ ಡರ್ಮಿಕೂಲ್ 432 ಕೋಟಿಗೆ ಇಮಾಮಿಯವರ ಕೈ ಸೇರಿತು. ಒಂದೇ ಕಂಪನಿಯ ಮಾಲು ಇವತ್ತು ಮೂರು ಕಂಪನಿಗಳಲ್ಲಿ ಹರಿದು ಹಂಚಿದೆ. ಇಷ್ಟನ್ನೂ ನಾನು ತಿಳಿದದ್ದು ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ, ಆಮೇಲೆ ಪೇಪರ್ ನೋಡಿ. ತಯಾರಕರ ಹೆಸರು, ವಿಳಾಸ ಪೊಟ್ಟಣದ ಮೇಲೆ ಇರಲೇಬೇಕೆಂದು ಕಾನೂನಿದೆ. ಆದರೆ ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಕನ್ನಡದಲ್ಲಿ ಇರಲೇಬೇಕೆಂದಿಲ್ಲ.

ಮಾರಾಟದಲ್ಲಿ ಬೇರೆ ಬೇರೆ ಬಗೆ ಇವೆ ಎಂಬುದನ್ನು ನಾನು ಒಬ್ಬ ವಕೀಲರ ಹತ್ತಿರ ಕೂತು ತಿಳಿದುಕೊಂಡೆ. ಹಾರ್ಲಿಕ್ಸ್, ಬೂಸ್ಟ್ ಮಾಡುತ್ತಿದ್ದ ಕಂಪನಿ 2020ರ ಏಪ್ರಿಲ್ 1ರಂದು ಹಿಂದೂಸ್ತಾನ್ ಯೂನಿಲಿವರ್‌ನಲ್ಲಿ ಪೂರ್ತಿ ಸೇರಿಕೊಂಡಿತು. ಸುಮಾರು 31,700 ಕೋಟಿಯ ವ್ಯವಹಾರ. ಹೀಗೆ ವಿಲೀನವಾದಾಗ ಹಳೆ ಕಂಪನಿಯ ಆಸ್ತಿಯೂ ಸಾಲವೂ ಹೊಸ ಕಂಪನಿಗೆ ಬರುತ್ತವೆ. ಕಂಪನಿ ಕಾನೂನು ನ್ಯಾಯಮಂಡಳಿ ಅದಕ್ಕೆ ಒಪ್ಪಿಗೆ ಕೊಡಬೇಕು. ಬರೀ ಬ್ರ್ಯಾಂಡ್ ಮಾರಿದರೆ ಬೇರೆ ಕಥೆ. ಕರಾರಿನಲ್ಲಿ ಏನು ಬರೆದಿದೆಯೋ ಅಷ್ಟೇ ಹೊಸಬರಿಗೆ ಬರುತ್ತದೆ, ಉಳಿದದ್ದು ಹಳಬರ ಹತ್ತಿರವೇ ಉಳಿಯುತ್ತದೆ. ಆ ಕರಾರು ನಮಗೆ ನೋಡಲಿಕ್ಕೆ ಸಿಗುವುದಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ ಮಾರಾಟವಾದರೆ ಇನ್ನೂ ಕಷ್ಟ. ರುಚಿ ಗೋಲ್ಡ್ ಎಣ್ಣೆ, ನ್ಯೂಟ್ರೆಲಾ ಮಾರುತ್ತಿದ್ದ ರುಚಿ ಸೋಯಾ ಹಾಗೆಯೇ 2019ರಲ್ಲಿ ಪತಂಜಲಿಗೆ ಹೋಯಿತು. ಇಂಥ ಕಡೆ ಗಡುವಿನೊಳಗೆ ಲಿಖಿತ ಅರ್ಜಿ ಹಾಕದಿದ್ದರೆ, ಸಾಲ ತೀರಿಸಲು ಒಪ್ಪಿಗೆಯಾದ ಯೋಜನೆಯಲ್ಲಿ ನಿಮ್ಮ ಬಾಕಿ ಸೇರದಿದ್ದರೆ, ಆ ಬಾಕಿ ಅಳಿಸಿ ಹೋದಂತೆ. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಇದರಲ್ಲಿ ಕಿರಾಣಿ ಅಂಗಡಿಯವನು ಎಲ್ಲಿ ಬರುತ್ತಾನೆ? ಎಲ್ಲೂ ಬರುವುದಿಲ್ಲ. ನಮ್ಮ ಬಾಕಿ ಏಜೆನ್ಸಿಯ ಮೇಲೆ, ಏಜೆನ್ಸಿಯ ಬಾಕಿ ಕಂಪನಿಯ ಮೇಲೆ. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರೇ ಇರುವುದಿಲ್ಲ. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಇದೇ.

ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಒಂದು ತಿನಿಸಿನ ಬ್ರ್ಯಾಂಡ್ ಮಾರಾಟವಾಗುವ ಮೊದಲಿನ ಎರಡು ಮೂರು ತಿಂಗಳು ಏಜೆನ್ಸಿಯವರು ಭಾರಿ ಸ್ಕೀಮ್ ಕೊಟ್ಟರು. ಒಂದು ಪೆಟ್ಟಿಗೆ ತಗೊಂಡರೆ ಇಷ್ಟು ಪ್ಯಾಕೆಟ್ ಫ್ರೀ, ಎರಡು ತಗೊಂಡರೆ ಇನ್ನೂ ಜಾಸ್ತಿ. ಹಳೆ ಪರಿಚಯದ ಹುಡುಗ, ಒತ್ತಾಯ ಮಾಡಿದ, ತಗೊಂಡೆವು. ನಾವು ಮಾತ್ರ ಅಲ್ಲ, ಬಜಾರದ ಎಲ್ಲರೂ ತಗೊಂಡರು. ಆಮೇಲೆ ಗಾಡಿ ಬರುವುದು ನಿಂತಿತು. ಬೇರೆ ಏಜೆನ್ಸಿಯ ಗಾಡಿ ಹೊಸ ಪ್ಯಾಕಿಂಗಿನ ಮಾಲು ಹೊತ್ತುಕೊಂಡು ಬಂತು. ಗಿರಾಕಿಗಳು ಹೊಸ ಪ್ಯಾಕೆಟ್ಟನ್ನೇ ಕೇಳಿದರು. ಹಳೆಯದು ಕೂತಿತು, ತಾರೀಕು ಮುಗಿಯಿತು.

ಹಳೆ ಸೇಲ್ಸ್‌ಮನ್‌ಗೆ ಫೋನ್ ಮಾಡಿದೆ. "ಸಾವಕಾರ್ರ, ಅದು ಈಗ ನಮ್ಮ ಲೈನ್ ಅಲ್ರೀ. ಹೊಸಬರನ್ನ ಕೇಳ್ರಿ" ಅಂದ. ಹೊಸಬನನ್ನು ಕೇಳಿದರೆ, "ನಾವು ಬಿಲ್ ಮಾಡಿದ ಮಾಲಲ್ರೀ ಇದು. ಬಿಲ್ ಕೊಟ್ಟವರಿಗೆ ವಾಪಸ್ ಮಾಡ್ರಿ" ಅಂದ. ಇಬ್ಬರೂ ಪಗಾರಕ್ಕೆ ದುಡಿಯುವ ಹುಡುಗರು. ಅವರ ಮೇಲೆ ಸಿಟ್ಟಾಗಿ ಏನು ಉಪಯೋಗ? ಪೊಟ್ಟಣದ ಮೇಲಿನ ನಂಬರಿಗೆ ಫೋನ್ ಹಚ್ಚಿದೆ. ಅದು ಗ್ರಾಹಕರಿಗೆ ಮಾತ್ರ, ವ್ಯಾಪಾರಿಗಳು ತಮ್ಮ ಡಿಸ್ಟ್ರಿಬ್ಯೂಟರನ್ನು ಕೇಳಬೇಕು ಎಂಬ ಉತ್ತರ ಬಂತು.

ನನ್ನ ನಷ್ಟವನ್ನು ನಾನು ತಡೆದುಕೊಂಡೆ. ಆದರೆ ನಮ್ಮ ಅಂಗಡಿಯಿಂದ ಬೆಳವಡಿ, ನೇಸರಗಿ ಕಡೆಯ ಸಣ್ಣ ಅಂಗಡಿಯವರೂ ಮಾಲು ಒಯ್ಯುತ್ತಾರೆ. ಅವರಲ್ಲಿ ಒಬ್ಬ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಮನೆಯ ಪಡಸಾಲೆಯಲ್ಲೇ ಅಂಗಡಿ ಇಟ್ಟವಳು, ಚೀಲದಲ್ಲಿ ಆ ಪ್ಯಾಕೆಟ್ಟುಗಳನ್ನು ತುಂಬಿಕೊಂಡು ಬಸ್ಸಿನಲ್ಲಿ ಬಂದಳು. "ಅಣ್ಣಾರ, ನೀವ ಕೊಟ್ಟಿದ್ದಲ್ರೀ" ಅಂದಳು. ಹೌದು, ನಾನೇ ಕೊಟ್ಟಿದ್ದು. ಆ ಸ್ಕೀಮಿನ ಮಾತು ಹೇಳಿ ಕೊಟ್ಟಿದ್ದು. ವಾಪಸ್ ತಗೊಂಡು ರೊಕ್ಕ ಕೊಟ್ಟೆ. ಆಕೆಯ ಹತ್ತಿರ ಬಿಲ್ ಇರಲಿಲ್ಲ, ಇದ್ದಿದ್ದರೂ ಆಕೆ ಎಲ್ಲಿಗೆ ಹೋಗಬೇಕಿತ್ತು? ಸಾವಿರಾರು ಕೋಟಿಯ ಮಾರಾಟದ ಕೊನೆಯ ತುದಿಯಲ್ಲಿ ಕೂತವಳು ಆಕೆ. ಕೊಂಡವರಿಗೂ ಮಾರಿದವರಿಗೂ ಆಕೆ ಇದ್ದಾಳೆಂದೇ ಗೊತ್ತಿಲ್ಲ.

ತಾರೀಕು ಮುಗಿದ ತಿನಿಸನ್ನು ಮಾರುವಂತಿಲ್ಲ. ಅದು ಸರಿಯಾದ ಕಾನೂನು, ನಾನು ಪೂರ್ತಿ ಒಪ್ಪುತ್ತೇನೆ. ಹಾಗಾಗಿ ನಾಶ ಮಾಡಬೇಕು. ನಾಶ ಮಾಡಿದ ಮಾಲಿಗೆ ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ, ಸಿಗುವುದಿಲ್ಲ, ತಗೊಂಡಿದ್ದರೆ ವಾಪಸ್ ಕಟ್ಟಬೇಕು. ಮಾಲಿನ ರೊಕ್ಕವೂ ಹೋಯಿತು, ತೆರಿಗೆಯೂ ಮೇಲೆ ಬಿತ್ತು.

ಇನ್ನು ತಿಳಿಸುವ ವಿಷಯ. ಲಿಸ್ಟಾದ ಕಂಪನಿ ಇಂಥ ದೊಡ್ಡ ವ್ಯವಹಾರ ಮಾಡಿದರೆ ಶೇರುಪೇಟೆಗೆ ಒಂದು ದಿನದೊಳಗೇ ಹೇಳಬೇಕು. ಸೆಬಿ ನಿಯಮ ಅಷ್ಟು ಬಿಗಿಯಾಗಿದೆ. ವಿಲೀನವಾದರೆ ಪತ್ರಿಕೆಯಲ್ಲಿ ಜಾಹೀರಾತೂ ಕೊಡಬೇಕು. 2016ರ ನಿಯಮದ ಪ್ರಕಾರ, ಕಂಪನಿಯ ನೋಂದಾಯಿತ ಕಚೇರಿ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದಲ್ಲಿ ಓಡುವ ಒಂದು ಇಂಗ್ಲಿಷ್ ಪತ್ರಿಕೆ, ಒಂದು ಅಲ್ಲಿನ ಭಾಷೆಯ ಪತ್ರಿಕೆ. ಹಾರ್ಲಿಕ್ಸ್ ಕಂಪನಿಯ ನೋಂದಾಯಿತ ಕಚೇರಿ ಪಂಜಾಬಿನ ನಾಭಾದಲ್ಲಿತ್ತು, ಹಿಂದೂಸ್ತಾನ್ ಯೂನಿಲಿವರ್‌ನದು ಮುಂಬೈಯಲ್ಲಿದೆ. ಮಾಲು ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಮಾರಾಟವಾಗುತ್ತದೆ, ಆದರೆ ಕನ್ನಡ ಪತ್ರಿಕೆಯಲ್ಲಿ ನೋಟಿಸ್ ಕೊಡಬೇಕೆಂದು ಆ ನಿಯಮ ಹೇಳುವುದಿಲ್ಲ. ಬರೀ ಬ್ರ್ಯಾಂಡ್ ಮಾರಿದರೆ ಇಷ್ಟು ಜಾಹೀರಾತೂ ಬೇಕಿಲ್ಲ. ದೊಡ್ಡ ವ್ಯವಹಾರಕ್ಕೆ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕು ನಿಜ. ಪೇಟೆಯಲ್ಲಿ ಪೈಪೋಟಿ ಉಳಿಯುತ್ತದೆಯೇ ಎಂದು ನೋಡುವುದು ಅದರ ಕೆಲಸ. ನಮ್ಮ ಹಳೆ ಮಾಲು ಅಲ್ಲಿ ಲೆಕ್ಕಕ್ಕಿಲ್ಲ.

ಮಾಡಲಿಕ್ಕೆ ಆಗುವುದಿಲ್ಲ ಎಂದು ಯಾರೂ ಹೇಳಬಾರದು. ಬ್ಯಾಂಕುಗಳು ಮಾಡಿ ತೋರಿಸಿವೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ಹಳೆ ಐಎಫ್‌ಎಸ್‌ಸಿ ಕೋಡ್ 2021ರ ಜೂನ್ 30ರ ತನಕ ನಡೆಯಿತು. ಒಂದು ವರ್ಷದ ಮೇಲೆ ಕಾಲಾವಕಾಶ ಸಿಕ್ಕಿತು, ಹೊಸ ಕೋಡ್ ಯಾವುದು ಎಂದು ಮುಂಚೆಯೇ ತಿಳಿಸಿದರು. ನಮ್ಮ ಕಡೆಯ ಮಲಪ್ರಭಾ ಗ್ರಾಮೀಣ ಬ್ಯಾಂಕ್, ವಿಜಯಪುರ ಕಡೆಯ ಬಿಜಾಪುರ ಗ್ರಾಮೀಣ ಬ್ಯಾಂಕ್, ಇನ್ನೆರಡು ಬ್ಯಾಂಕ್ ಸೇರಿ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಅದೂ ಇನ್ನೊಂದರ ಜೊತೆ ಕೂಡಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಜನರಿಗೆ ಓಡಾಟ ಆಯಿತು, ಕ್ಯೂ ನಿಂತರು, ಅದೆಲ್ಲ ಇದ್ದದ್ದೇ. ಆದರೆ ಇಟ್ಟ ಠೇವಣಿಗೆ ಯಾರು ಜವಾಬ್ದಾರಿ ಎಂಬ ಪ್ರಶ್ನೆ ಏಳಲೇ ಇಲ್ಲ. ಯಾಕೆಂದರೆ ಮೊದಲೇ ಸರ್ಕಾರದ ಅಧಿಸೂಚನೆಯಲ್ಲಿ ಬರೆದಿತ್ತು.

ನಾನು ವಿಲೀನಗಳ ವಿರೋಧಿ ಅಲ್ಲ. 1993ರಲ್ಲಿ ಪಾರ್ಲೆಯವರು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಮಾಜಾ ಎಲ್ಲವನ್ನೂ ಕೋಕಾ-ಕೋಲಾಗೆ ಕೊಟ್ಟರು. ಗೋಲ್ಡ್ ಸ್ಪಾಟ್ ಕಣ್ಮರೆಯಾಯಿತು, ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ಅದನ್ನೇ ಕೇಳಿ ಕುಡಿಯುತ್ತಿದ್ದರು, ನನಗೆ ಈಗಲೂ ಬೇಸರವಿದೆ. ಆದರೆ ಥಮ್ಸ್ ಅಪ್ ಉಳಿಯಿತು, ಬೆಳೆಯಿತು. ಮೂಲೆ ಸೇರಿದ್ದ ಕ್ಯಾಂಪಾವನ್ನು 2022ರಲ್ಲಿ ರಿಲಯನ್ಸ್ ಕೊಂಡಿತು. ಈಗ ಅದು ಹತ್ತು ರೂಪಾಯಿ ಬಾಟಲಿಯಲ್ಲಿ ಚೆನ್ನಾಗಿ ಹೋಗುತ್ತಿದೆ. ಮಾರ್ಗೊ, ಹೆಂಕೊ 2011ರಲ್ಲಿ ಜ್ಯೋತಿ ಲ್ಯಾಬೊರೇಟರೀಸ್‌ಗೆ ಹೋದ ಮೇಲೂ ಜನ ಬಿಟ್ಟಿಲ್ಲ. ಕೊಳ್ಳಲಿ, ಮಾರಲಿ. ಆದರೆ ಬ್ರ್ಯಾಂಡಿನ ಹೆಸರಿಗೆ ಬೆಲೆ ಬಂದದ್ದು ಜಾಹೀರಾತಿನಿಂದ ಮಾತ್ರ ಅಲ್ಲ. ಅದನ್ನು ಹಲಗೆಯ ಮೇಲೆ ಎದುರಿಗೇ ಇಟ್ಟು, "ಇದು ಚಲೋ ಐತಿ, ಒಯ್ರಿ" ಎಂದು ಗಿರಾಕಿಗೆ ಹೇಳಿದ ಅಂಗಡಿಯವರ ಮಾತೂ ಆ ಬೆಲೆಯಲ್ಲಿ ಸೇರಿದೆ ಅಲ್ವಾ? ಹೆಸರಿನ ಲಾಭ ಹೊಸಬರಿಗೆ ಬೇಕು ಅಂದ ಮೇಲೆ, ಅದೇ ಹೆಸರಿನ ಹಳೆ ಪ್ಯಾಕೆಟ್ಟಿನ ಹೊಣೆಯನ್ನೂ ಅವರು ಹೊರಬೇಕು.

ನಾನು ಕೇಳುವುದು ಇಷ್ಟು. ಬ್ರ್ಯಾಂಡ್ ಮಾರಾಟದ ಕರಾರಿನಲ್ಲಿ, ಆಗಲೇ ಅಂಗಡಿ ಸೇರಿದ ಮಾಲನ್ನು ಯಾರು ವಾಪಸ್ ತಗೊಳ್ಳುತ್ತಾರೆ ಎಂದು ಬರೆಯುವುದು ಕಡ್ಡಾಯವಾಗಲಿ. ಆ ಮಾಲಿನ ಮೇಲೆ ಅಚ್ಚಾದ ತಾರೀಕು ಮುಗಿದು ಮೂರು ತಿಂಗಳ ತನಕ ಆ ಹೊಣೆ ಇರಲಿ. ಮಾಲು ಯಾವ ರಾಜ್ಯದಲ್ಲಿ ಮಾರಾಟವಾಗುತ್ತದೋ ಆ ರಾಜ್ಯದ ಭಾಷೆಯಲ್ಲಿ ಜಾಹೀರಾತು ಬರಲಿ. ಅದರಲ್ಲಿ ಅಂಗಡಿಯವರು ಮಾತಾಡಬಹುದಾದ ಒಂದು ಫೋನ್ ನಂಬರ್ ಇರಲಿ, ಆ ಕಡೆ ಕನ್ನಡದಲ್ಲಿ ಉತ್ತರ ಕೊಡುವವರು ಇರಲಿ. ನಿಯಮ ಮಾಡುವುದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಸದರು ಇದನ್ನು ಲೋಕಸಭೆಯಲ್ಲಿ ಪ್ರಶ್ನೆಯಾಗಿ ಕೇಳಬೇಕು. ಮೂರೂ ಜಿಲ್ಲೆಗಳ ವರ್ತಕರ ಸಂಘಗಳು ಅವರಿಗೆ ಲೆಕ್ಕ ಒದಗಿಸಬೇಕು. ಪ್ರತಿ ಅಂಗಡಿಯಲ್ಲೂ ಇಂಥ ಅನಾಥ ಮಾಲು ಎಷ್ಟಿದೆ, ಯಾವ ಬಿಲ್ಲಿನದು ಎಂದು ಬರೆದಿಟ್ಟರೆ ಸಾಕು. ನಮ್ಮ ಬಜಾರದಲ್ಲಿ ನಾನು ಆ ಪಟ್ಟಿ ಮಾಡಲು ಶುರು ಮಾಡಿದ್ದೇನೆ.

ನಿಮ್ಮಲ್ಲೂ ಒಂದು ವಿನಂತಿ. ಇನ್ನು ಮುಂದೆ ಇಂಥ ಸುದ್ದಿ ಹಾಕುವಾಗ ಕಂಪನಿಯವರನ್ನು ಈ ಒಂದು ಪ್ರಶ್ನೆ ಕೇಳಿ: ಅಂಗಡಿಗಳಲ್ಲಿರುವ ಹಳೆ ಮಾಲನ್ನು ಯಾರು ವಾಪಸ್ ತಗೊಳ್ಳುತ್ತಾರೆ? ಅವರು ಕೊಟ್ಟ ಉತ್ತರವನ್ನು, ಉತ್ತರ ಕೊಡದಿದ್ದರೆ ಕೊಡಲಿಲ್ಲ ಎಂಬುದನ್ನು, ಸುದ್ದಿಯ ಕೆಳಗೇ ಅಚ್ಚು ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ಕಿರಾಣಿ ವ್ಯಾಪಾರಿ
ಬೈಲಹೊಂಗಲ, ಬೆಳಗಾವಿ ಜಿಲ್ಲೆ