ಮನೆಯಲ್ಲೇ ಓದುವ ಮಕ್ಕಳಿಗೂ ವ್ಯವಹಾರ ಗೊತ್ತಿರಲಿ

ಮಾನ್ಯರೇ,

ನನ್ನ ಮಗಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಓದುತ್ತಾಳೆ. 14 ವರ್ಷ ತುಂಬಿದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಹಾಗಾಗಿ ಪಾಠದ ಚಿಂತೆ ಇಲ್ಲ. ಆದರೆ ನಾಲ್ಕು ಜನರ ಜೊತೆ ವ್ಯವಹಾರ ಮಾಡುವುದನ್ನು ಮನೆಯೊಳಗೆ ಕೂರಿಸಿ ಕಲಿಸಲು ಆಗುವುದಿಲ್ಲ, ಅಲ್ವಾ?

ನಮ್ಮ ಬಡಾವಣೆಯ ಟ್ರಸ್ಟೊಂದು ಭಾನುವಾರಗಳಂದು ಇದನ್ನೇ ಕಲಿಸುತ್ತಿದೆ. ಅಲ್ಲಿ ಮಗಳು ಸೀಗೆಪುಡಿ ಮಾರಿದಳು. 100 ಗ್ರಾಂ ಪೊಟ್ಟಣಕ್ಕೆ 40 ರೂಪಾಯಿ. ಲಾಭ ಬಂತು ಅಂತ ಕುಣಿಯುತ್ತಿದ್ದವಳನ್ನು ನಿವೃತ್ತ ಬ್ಯಾಂಕ್ ನೌಕರರೊಬ್ಬರು ಕೂರಿಸಿಕೊಂಡು, ‘ಗಿರಣಿ ಕೂಲಿ ಎಲ್ಲಿ ಬರೆದಿದ್ದೀಯಮ್ಮಾ? ಕವರಿನ ದುಡ್ಡು?’ ಎಂದು ಕೇಳಿದರು. ಮತ್ತೆ ಲೆಕ್ಕ ಹಾಕಿದರೆ ಪೊಟ್ಟಣಕ್ಕೆ ಉಳಿದಿದ್ದು 6 ರೂಪಾಯಿ. ಈಗ ಚೌಕಾಸಿ ಮಾಡುವವರಿಗೆ ಬೆಲೆ ಯಾಕೆ ಇಳಿಸಲಾಗದು ಎಂದು ಅವಳೇ ಬಿಡಿಸಿ ಹೇಳುತ್ತಾಳೆ. ನನಗೆ ತುಂಬಾ ಹೆಮ್ಮೆಯಾಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿ ಮಕ್ಕಳು ಬ್ಯಾಗಿಲ್ಲದೆ 10 ದಿನ ಕಸುಬು ಕಲಿಯಲಿ ಎನ್ನುತ್ತದೆ. ಮನೆಯಲ್ಲಿ ಓದುವವರಿಗೆ ಅದನ್ನು ಕೊಡುವವರು ಯಾರು? ಟ್ರಸ್ಟ್‌ಗೆ ಹಾಲ್ ಬಾಡಿಗೆಯೇ ಹೊರೆಯಾಗಿದೆ. ಭಾನುವಾರ ಎರಡು ಗಂಟೆ ವಾರ್ಡಿನ ಸಮುದಾಯ ಭವನವನ್ನು ಪಾಲಿಕೆ ಬಿಟ್ಟುಕೊಡಲಿ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳೂ ಬಂದು ಕಲಿಯಬಹುದು.

– ಓದುಗರೊಬ್ಬರು, ಮೈಸೂರು